ನಿಂಬೆ ಟಾರ್ಟ್: ಹಿಟ್ಟಿಗೆ ತಂಪು, ಹೂರಣಕ್ಕೆ ಸಣ್ಣ ಉರಿ

ಅಂಗೈಯಲ್ಲಿ ಕೂರುವಷ್ಟು ಪುಟ್ಟ ಬಟ್ಟಲು. ಕಚ್ಚಿದರೆ ಕರುಂ ಎನ್ನುವ ಅಂಚು, ಒಳಗೆ ಹುಳಿ ಸಿಹಿ ಬೆರೆತ ಹಳದಿ ಹೂರಣ. ನಿಂಬೆ ಟಾರ್ಟ್ ಅಂದರೆ ಇಷ್ಟೇ. ಮೈದಾ, ಬೆಣ್ಣೆ, ಸಕ್ಕರೆ, ಮೊಟ್ಟೆ, ನಿಂಬೆ, ಚಿಟಿಕೆ ಉಪ್ಪು ಇದ್ದರೆ ಸಾಕು. ಸಾಮಾನು ಇಷ್ಟು ಕಡಿಮೆ ಇದ್ದರೂ ಮೊದಲ ಸಲ ಮಾಡುವಾಗ ಏನಾದರೊಂದು ಕೈಕೊಡುತ್ತದೆ. ಬಟ್ಟಲು ಅಚ್ಚಿನೊಳಗೇ ಕುಗ್ಗಿ ಕೂರುತ್ತದೆ, ಇಲ್ಲವೇ ತಳ ಮೆತ್ತಗಾಗುತ್ತದೆ, ಇಲ್ಲವೇ ಹೂರಣದಲ್ಲಿ ಬೆಂದ ಮೊಟ್ಟೆಯ ಚೂರುಗಳು ತೇಲುತ್ತವೆ. ನನಗೆ ಈ ಮೂರೂ ಆಗಿವೆ.

ಮಾಡುತ್ತಾ ಮಾಡುತ್ತಾ ಗೊತ್ತಾಗಿದ್ದು ಏನೆಂದರೆ, ಈ ತಿಂಡಿಯಲ್ಲಿ ಎಲ್ಲವೂ ಬಿಸಿ ತಂಪಿನ ಲೆಕ್ಕ. ಹಿಟ್ಟು ಕೈಯಲ್ಲಿರುವಷ್ಟು ಹೊತ್ತೂ ತಣ್ಣಗಿರಬೇಕು. ಓವನ್ನಿಗೆ ಹೋಗುವ ಹೊತ್ತಿಗೆ ಓವನ್ ಚೆನ್ನಾಗಿ ಕಾದಿರಬೇಕು. ಹೂರಣ ಸಣ್ಣ ಉರಿಯಲ್ಲಿ ನಿಧಾನವಾಗಿ ಗಟ್ಟಿಯಾಗಬೇಕು. ಈ ಮೂರನ್ನು ಹಿಡಿದರೆ ಅಳತೆಯಲ್ಲಿ ಒಂದು ಚಮಚ ಆಚೀಚೆ ಆದರೂ ಟಾರ್ಟ್ ಕೆಡುವುದಿಲ್ಲ. ಹಾಗಾಗಿ ಕೆಳಗೆ ಹೇಳುವಾಗ ಪ್ರತಿ ಹಂತದಲ್ಲೂ ಎಷ್ಟು ಬಿಸಿ, ಎಷ್ಟು ತಂಪು ಅನ್ನುವುದನ್ನೇ ಜಾಸ್ತಿ ಹೇಳುತ್ತೇನೆ.

ಏನೇನು ಬೇಕು

ಬಾಯಿ 7 ಸೆಂಟಿಮೀಟರ್ ಅಗಲ, ಆಳ ಒಂದೂವರೆಯಿಂದ 2 ಸೆಂಟಿಮೀಟರ್ ಇರುವ ಅಚ್ಚುಗಳಲ್ಲಿ 12 ಟಾರ್ಟ್‌ಗಳಿಗೆ ಈ ಅಳತೆ.

ಬಟ್ಟಲಿಗೆ: ಮೈದಾ 200 ಗ್ರಾಂ, ಉಪ್ಪಿಲ್ಲದ ಬೆಣ್ಣೆ 100 ಗ್ರಾಂ, ಸಕ್ಕರೆ ಪುಡಿ 60 ಗ್ರಾಂ, ಉಪ್ಪು ಕಾಲು ಚಮಚ, ಒಂದು ಮೊಟ್ಟೆಯ ಹಳದಿ, ಐಸ್‌ನಷ್ಟು ತಣ್ಣಗಿರುವ ನೀರು ಒಂದರಿಂದ ಎರಡು ದೊಡ್ಡ ಚಮಚ.

ಹೂರಣಕ್ಕೆ: ನಿಂಬೆ ರಸ 120 ಮಿಲಿಲೀಟರ್, ಮೂರು ದೊಡ್ಡ ನಿಂಬೆಹಣ್ಣುಗಳ ಸಿಪ್ಪೆಯ ತುರಿ, ಸಕ್ಕರೆ 150 ಗ್ರಾಂ, ಮೂರು ಇಡೀ ಮೊಟ್ಟೆ, ಅದರ ಜೊತೆ ಇನ್ನೆರಡು ಮೊಟ್ಟೆಯ ಹಳದಿ, ಉಪ್ಪಿಲ್ಲದ ಬೆಣ್ಣೆ 100 ಗ್ರಾಂ, ಚಿಟಿಕೆ ಉಪ್ಪು.

ನಿಂಬೆಯನ್ನು ಎಣಿಸಬೇಡಿ, ರಸವನ್ನು ಅಳೆಯಿರಿ. ದೊಡ್ಡ ಹಣ್ಣಾದರೆ ಮೂರು ಸಾಕಾಗಬಹುದು, ಸಣ್ಣ ತೆಳು ಸಿಪ್ಪೆಯ ಹಣ್ಣಾದರೆ ಐದಾರು ಬೇಕು. ಮೈದಾ, ಬೆಣ್ಣೆ, ಸಕ್ಕರೆಯನ್ನು ಮಾತ್ರ ತೂಕದ ಯಂತ್ರದಲ್ಲೇ ತೂಗಿ. ಕಪ್ಪಿನಲ್ಲಿ ಮೈದಾ ಒತ್ತಿ ತುಂಬಿದರೆ ಒಂದು ಲೆಕ್ಕ, ಸಡಿಲವಾಗಿ ತುಂಬಿದರೆ ಇನ್ನೊಂದು ಲೆಕ್ಕ. ಹಿಟ್ಟು ಗಟ್ಟಿಯಾಗಿ ಒಡೆಯುವುದಕ್ಕೆ ಬಹಳ ಸಲ ಇದೇ ಕಾರಣ.

ಪಾತ್ರೆಗಳ ವಿಷಯದಲ್ಲಿ ಒಂದೇ ಕಟ್ಟುನಿಟ್ಟು. ಹೂರಣ ಕಾಯಿಸುವ ಪಾತ್ರೆ ಸ್ಟೀಲಿನದಾಗಿರಲಿ, ತಳ ದಪ್ಪಗಿರಲಿ. ಮೊದಲ ಸಲ ನಾನು ಕೈಗೆ ಸಿಕ್ಕಿದ ಅಲ್ಯೂಮಿನಿಯಂ ಪಾತ್ರೆಯಲ್ಲಿ ಕಾಯಿಸಿದೆ. ಹೂರಣ ನೋಡಲು ಸ್ವಲ್ಪ ಬೂದು ಬಣ್ಣಕ್ಕೆ ತಿರುಗಿತು. ನಾಲಿಗೆಗೆ ಇಟ್ಟರೆ ಲೋಹವನ್ನೇ ನೆಕ್ಕಿದ ಹಾಗೆ. ನಿಂಬೆಯ ಹುಳಿ ಅಲ್ಯೂಮಿನಿಯಂ, ಕಬ್ಬಿಣ ಎರಡರ ಜೊತೆಗೂ ಬೆರೆಯುತ್ತದೆ. ಸ್ಟೀಲ್, ಗಾಜು, ಪಿಂಗಾಣಿ ಆದರೆ ತೊಂದರೆ ಇಲ್ಲ.

ಉಳಿದಂತೆ ಒಂದು ಜರಡಿ, ಲಟ್ಟಣಿಗೆ, ಬಟರ್ ಪೇಪರ್, ವಿಸ್ಕ್, ಸಿಲಿಕೋನ್ ಸೌಟು. ಅಡುಗೆಯ ಥರ್ಮಾಮೀಟರ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೂ ಕಣ್ಣಲ್ಲೇ ನೋಡಿ ತಿಳಿಯುವುದು ಹೇಗೆ ಅಂತ ಮುಂದೆ ಹೇಳಿದ್ದೇನೆ.

ಹಿಟ್ಟು ಕಲಸುವುದು

ಬೆಣ್ಣೆಯನ್ನು ಸಣ್ಣ ತುಂಡುಗಳಾಗಿ ಕತ್ತರಿಸಿ ಮತ್ತೆ ಫ್ರಿಜ್‌ನಲ್ಲಿಡಿ. ಮೈದಾ, ಸಕ್ಕರೆ ಪುಡಿ, ಉಪ್ಪನ್ನು ಅಗಲವಾದ ಪಾತ್ರೆಗೆ ಜರಡಿ ಹಿಡಿಯಿರಿ. ಕೋಣೆ ಬೆಚ್ಚಗಿದ್ದರೆ ಈ ಪಾತ್ರೆಯನ್ನೂ 15 ನಿಮಿಷ ಫ್ರಿಜ್‌ನಲ್ಲಿಡಬಹುದು. ಸಕ್ಕರೆ ಕಾಳನ್ನು ಹಾಗೇ ಹಾಕಬೇಡಿ, ಪುಡಿಯೇ ಬೇಕು. ಕಾಳು ಹಿಟ್ಟಿನಲ್ಲಿ ಪೂರ್ತಿ ಕರಗುವುದಿಲ್ಲ, ಬೇಯುವಾಗ ಅಲ್ಲಲ್ಲಿ ಕರಗಿ ಚುಕ್ಕೆ ಬೀಳುತ್ತದೆ.

ಈಗ ತಣ್ಣನೆಯ ಬೆಣ್ಣೆ ತುಂಡುಗಳನ್ನು ಮೈದಾಕ್ಕೆ ಹಾಕಿ ಬೆರಳ ತುದಿಯಲ್ಲಿ ಉಜ್ಜುತ್ತಾ ಬನ್ನಿ. ಬೆರಳ ತುದಿ ಮಾತ್ರ, ಅಂಗೈ ಬೇಡ. ಬೆಣ್ಣೆ 30ರಿಂದ 35 ಡಿಗ್ರಿ ಸೆಲ್ಸಿಯಸ್ ಒಳಗೆ ಕರಗಿಬಿಡುತ್ತದೆ. ಅಂಗೈ ಹೆಚ್ಚುಕಡಿಮೆ ಅಷ್ಟೇ ಬೆಚ್ಚಗಿರುತ್ತದೆ. ಹಿಟ್ಟನ್ನು ಎತ್ತಿ, ಹೆಬ್ಬೆರಳಿನಿಂದ ಉಳಿದ ಬೆರಳುಗಳ ಮೇಲೆ ಸವರಿ, ಪಾತ್ರೆಗೆ ಉದುರಿಸಿ. ಹೀಗೆ ನಾಲ್ಕೈದು ನಿಮಿಷ ಮಾಡಿದರೆ ಎಲ್ಲವೂ ಒದ್ದೆ ಮರಳಿನ ಹಾಗೆ ಕಾಣುತ್ತದೆ. ಫ್ರೆಂಚ್ ಅಡುಗೆಯವರು ಈ ಕೆಲಸಕ್ಕೆ ಸಾಬ್ಲಾಜ್ ಅನ್ನುತ್ತಾರೆ. ಅವರ ಭಾಷೆಯಲ್ಲಿ ಸಾಬ್ಲ್ ಅಂದರೆ ಮರಳು.

ಸುಮ್ನೆ ಒಟ್ಟಿಗೆ ನಾದಿದರೆ ಆಗಲ್ವಾ ಅಂತ ಕೇಳಬಹುದು. ಆಗುವುದಿಲ್ಲ. ಮೈದಾಕ್ಕೆ ನೀರು ತಾಕಿ, ಅದನ್ನು ನಾದಿದಾಗ ಗ್ಲುಟೆನ್ ಎನ್ನುವ ಎಳೆ ಹುಟ್ಟುತ್ತದೆ. ಬ್ರೆಡ್‌ಗೆ ಅದು ಬೇಕು, ಎಳೆದರೆ ರಬ್ಬರಿನ ಹಾಗೆ ಬರಬೇಕು. ಟಾರ್ಟ್‌ಗೆ ಅದೇ ಶತ್ರು. ನೀರು ಬೀಳುವ ಮೊದಲೇ ಮೈದಾದ ಕಣಕಣಕ್ಕೂ ಬೆಣ್ಣೆ ಸವರಿಕೊಂಡಿದ್ದರೆ ನೀರು ಒಳಗೆ ಸುಲಭವಾಗಿ ಇಳಿಯುವುದಿಲ್ಲ, ಎಳೆ ಉದ್ದವಾಗಿ ಬೆಳೆಯುವುದಿಲ್ಲ. ಅದಕ್ಕೇ ಬೆಂದ ಮೇಲೆ ಬಟ್ಟಲು ಅಗಿಯುವಂತಾಗದೆ ಹಗುರವಾಗಿ ಮುರಿಯುತ್ತದೆ.

ಮೊಟ್ಟೆಯ ಹಳದಿಗೆ ಒಂದು ದೊಡ್ಡ ಚಮಚ ತಣ್ಣೀರು ಸೇರಿಸಿ ಕಲಕಿ ಹಿಟ್ಟಿನ ಮೇಲೆ ಹನಿಸಿ. ಚಾಕುವಿನ ತುದಿಯಿಂದ ಅಥವಾ ಫೋರ್ಕ್‌ನಿಂದ ಕೈಯಾಡಿಸಿ. ಒಂದು ಹಿಡಿ ಎತ್ತಿ ಮುಷ್ಟಿ ಕಟ್ಟಿದರೆ ಉಂಡೆಯಾಗಿ ನಿಲ್ಲಬೇಕು. ಪುಡಿಯಾಗಿ ಉದುರಿದರೆ ಇನ್ನರ್ಧ ಚಮಚ ನೀರು. ಇಲ್ಲಿ ಕೈ ಹಿಡಿತ ಇರಲಿ. ಬೆಣ್ಣೆಯಲ್ಲೇ ನೂರಕ್ಕೆ 15ಕ್ಕಿಂತ ಜಾಸ್ತಿ ನೀರಿರುತ್ತದೆ. ಮೇಲಿನ ನೀರು ಜಾಸ್ತಿಯಾದಷ್ಟೂ ಬಟ್ಟಲು ಗಟ್ಟಿಯಾಗುತ್ತದೆ, ಕುಗ್ಗುವುದೂ ಜಾಸ್ತಿ.

ಹಿಟ್ಟನ್ನು ಕಟ್ಟೆಯ ಮೇಲೆ ಸುರಿದು ಒಟ್ಟು ಮಾಡಿ. ಅಂಗೈ ಬುಡದಿಂದ ಒಂದೊಂದೇ ಭಾಗವನ್ನು ಮುಂದಕ್ಕೆ ಒತ್ತಿ ಸವರಿ, ಒಂದೇ ಸಲ. ಇದರಿಂದ ಉಳಿದ ಬೆಣ್ಣೆ ಚೂರು ಸಮನಾಗಿ ಹರಡುತ್ತದೆ. ಅಂಗೈ ಬೇಡ ಎಂದಿದ್ದೆನಲ್ಲ, ಈ ಒಂದು ಒತ್ತಿಗೆ ಮಾತ್ರ ಅನುಮತಿ. ಆಮೇಲೆ ಉಂಡೆ ಮಾಡಿ, ತಟ್ಟಿ ಎರಡು ಸೆಂಟಿಮೀಟರ್ ದಪ್ಪದ ಬಿಲ್ಲೆ ಮಾಡಿ, ಪ್ಲಾಸ್ಟಿಕ್ ಹಾಳೆ ಸುತ್ತಿ ಫ್ರಿಜ್‌ನಲ್ಲಿ ಕಡಿಮೆ ಎಂದರೂ ಒಂದು ಗಂಟೆ ಇಡಿ. ಉಂಡೆಯಾಗಿಯೇ ಇಟ್ಟರೆ ಒಳಗೆ ತಂಪು ತಾಗಲು ಹೊತ್ತು ಬೇಕು, ಲಟ್ಟಿಸುವಾಗ ಅಂಚೆಲ್ಲ ಬಿರಿಯುತ್ತದೆ.

ಈ ಒಂದು ಗಂಟೆಯನ್ನು ದಯವಿಟ್ಟು ಕಡಿಮೆ ಮಾಡಬೇಡಿ. ಬೆಣ್ಣೆ ಗಟ್ಟಿಯಾಗಲು ಮಾತ್ರ ಇದು ಬೇಕಾಗಿರುವುದಲ್ಲ. ಅಷ್ಟಿಷ್ಟು ಹುಟ್ಟಿದ ಗ್ಲುಟೆನ್ ಎಳೆ ಈ ಹೊತ್ತಿನಲ್ಲಿ ಸಡಿಲವಾಗುತ್ತದೆ, ನೀರು ಎಲ್ಲ ಕಡೆ ಸಮನಾಗಿ ಹರಡುತ್ತದೆ. ರಾತ್ರಿ ಕಲಸಿಟ್ಟು ಬೆಳಗ್ಗೆ ಲಟ್ಟಿಸಿದರಂತೂ ಇನ್ನೂ ಚೆಂದ. ನಾನೀಗ ಹಾಗೇ ಮಾಡುವುದು.

ಲಟ್ಟಿಸಿ ಅಚ್ಚಿಗೆ ಕೂರಿಸುವುದು

ಫ್ರಿಜ್‌ನಿಂದ ತೆಗೆದ ಬಿಲ್ಲೆಯನ್ನು ಐದರಿಂದ ಹತ್ತು ನಿಮಿಷ ಹೊರಗಿಡಿ. ಬೆರಳಿನಿಂದ ಒತ್ತಿದರೆ ಸ್ವಲ್ಪ ಗುರುತು ಬೀಳಬೇಕು, ಆದರೆ ತಣ್ಣಗೇ ಇರಬೇಕು. ಎರಡು ಬಟರ್ ಪೇಪರ್ ನಡುವೆ ಇಟ್ಟು ಲಟ್ಟಿಸಿ. ಹೀಗೆ ಮಾಡಿದರೆ ಮೇಲೆ ಒಣ ಮೈದಾ ಉದುರಿಸಬೇಕಾಗಿಲ್ಲ, ಹಿಟ್ಟು ಒಣಗುವುದಿಲ್ಲ. ನಡುವಿನಿಂದ ಹೊರಕ್ಕೆ ಲಟ್ಟಿಸಿ, ಆಗಾಗ ಕಾಲು ಸುತ್ತು ತಿರುಗಿಸಿ, ಕಾಗದದಲ್ಲಿ ಸುಕ್ಕು ಬಿದ್ದರೆ ಬಿಡಿಸಿ ಮತ್ತೆ ಹಾಸಿ. ದಪ್ಪ 3 ಮಿಲಿಮೀಟರ್. ಅದಕ್ಕಿಂತ ದಪ್ಪವಾದರೆ ತಿನ್ನುವಾಗ ಬರೀ ಹಿಟ್ಟೇ ಬಾಯಿಗೆ ಸಿಗುತ್ತದೆ. ತೆಳುವಾದರೆ ಅಚ್ಚಿನಿಂದ ತೆಗೆಯುವಾಗ ಮುರಿಯುತ್ತದೆ.

ಅಚ್ಚಿಗಿಂತ ಮೂರು ಸೆಂಟಿಮೀಟರ್ ಅಗಲ ಜಾಸ್ತಿ ಇರುವ ಬಟ್ಟಲನ್ನೋ ಡಬ್ಬದ ಮುಚ್ಚಳವನ್ನೋ ಒತ್ತಿ ವೃತ್ತ ಕತ್ತರಿಸಿ. 7 ಸೆಂಟಿಮೀಟರ್ ಅಚ್ಚಿಗೆ 10 ಸೆಂಟಿಮೀಟರ್ ವೃತ್ತ. ಉಳಿದ ಚೂರುಗಳನ್ನು ಒಂದರ ಮೇಲೊಂದು ಪೇರಿಸಿ ಒತ್ತಿ ಮತ್ತೆ ಲಟ್ಟಿಸಬಹುದು, ಆದರೆ ಎರಡನೇ ಸಲಕ್ಕೆ ಮುಗಿಸಿ. ಪದೇ ಪದೇ ಲಟ್ಟಿಸಿದ ಹಿಟ್ಟು ಗಟ್ಟಿಯಾಗುತ್ತದೆ.

ವೃತ್ತವನ್ನು ಅಚ್ಚಿನ ಮೇಲೆ ಹಾಸಿ, ಅಂಚನ್ನು ಎತ್ತಿ ಹಿಡಿದು ಅದರ ಭಾರಕ್ಕೆ ಅದೇ ಕೆಳಗಿಳಿಯುವಂತೆ ಬಿಡಿ. ಆಮೇಲೆ ಬೆರಳಿನಿಂದ ಮೂಲೆಗೆ ಮೆಲ್ಲಗೆ ಒತ್ತಿ. ಎಳೆದು ಕೂರಿಸಬೇಡಿ. ಎಳೆದಷ್ಟೂ ಅದು ಓವನ್‌ನಲ್ಲಿ ವಾಪಸ್ಸು ಕುಗ್ಗುತ್ತದೆ. ತಳ ಮತ್ತು ಗೋಡೆ ಸೇರುವ ಮೂಲೆಯಲ್ಲಿ ಗಾಳಿ ಉಳಿಯದಂತೆ ನೋಡಿಕೊಳ್ಳಿ. ಹರಿದರೆ ಗಾಬರಿ ಬೇಡ, ಉಳಿದ ಹಿಟ್ಟಿನ ಚೂರು ಒತ್ತಿ ತೇಪೆ ಹಾಕಿ. ಮೇಲೆ ಹೊರಚೆಲ್ಲಿದ ಹಿಟ್ಟನ್ನು ಚಾಕುವಿನಿಂದ ಒಳಗಿಂದ ಹೊರಕ್ಕೆ ಸವರಿ ಕತ್ತರಿಸಿ.

ತಳಕ್ಕೆ ಫೋರ್ಕ್‌ನಿಂದ ಮೂರು ನಾಲ್ಕು ಕಡೆ ಚುಚ್ಚಿ. ಅಡಿಯಲ್ಲಿ ಹುಟ್ಟುವ ಹಬೆ ಹೊರಗೆ ಹೋಗಲು ದಾರಿ ಬೇಕು. ಎಲ್ಲ ಅಚ್ಚುಗಳನ್ನೂ ಒಂದು ತಟ್ಟೆಯಲ್ಲಿಟ್ಟು 20 ನಿಮಿಷ ಫ್ರೀಜರ್‌ಗೆ. ಬಟ್ಟಲು ಕಲ್ಲಿನ ಹಾಗಾಗಬೇಕು. ನನ್ನ ಬಟ್ಟಲುಗಳು ಕುಗ್ಗುವುದು ನಿಂತದ್ದು ಈ 20 ನಿಮಿಷ ಸೇರಿಸಿದ ಮೇಲೆ. ಮೆತ್ತಗಿರುವ ಹಿಟ್ಟು ಓವನ್‌ಗೆ ಹೋದರೆ ಗೋಡೆ ಗಟ್ಟಿಯಾಗುವ ಮೊದಲೇ ಬೆಣ್ಣೆ ಕರಗಿ ಜಾರುತ್ತದೆ. ಚೆನ್ನಾಗಿ ತಣ್ಣಗಿದ್ದರೆ ಬೆಣ್ಣೆ ಪೂರ್ತಿ ಕರಗುವ ಹೊತ್ತಿಗೆ ಹೊರಮೈ ಬಿಗಿಯಲು ಶುರುವಾಗಿರುತ್ತದೆ.

ಬರೀ ಬಟ್ಟಲು ಬೇಯಿಸುವುದು

ಓವನ್ ಅನ್ನು 180 ಡಿಗ್ರಿಗೆ ಇಟ್ಟು 20 ನಿಮಿಷ ಕಾಯಿಸಿ. ಫ್ಯಾನ್ ಇರುವ ಓವನ್ ಆದರೆ 165 ಸಾಕು. ದೀಪ ಆರಿತು ಅಂತ ತಕ್ಷಣ ಇಡಬೇಡಿ. ಒಳಗಿನ ಗಾಳಿ ಕಾದಿರುತ್ತದೆ, ಗೋಡೆ ಮತ್ತು ತಟ್ಟೆ ಇನ್ನೂ ಕಾದಿರುವುದಿಲ್ಲ. ಮನೆಯ ಓವನ್‌ಗಳಲ್ಲಿ ಗುಂಡಿಯಲ್ಲಿ ತೋರಿಸುವ ಬಿಸಿಗೂ ಒಳಗಿರುವ ಬಿಸಿಗೂ 10, 20 ಡಿಗ್ರಿ ವ್ಯತ್ಯಾಸ ಇರುವುದು ಮಾಮೂಲು. ಒಳಗೆ ನೇತುಹಾಕುವ ಓವನ್ ಥರ್ಮಾಮೀಟರ್ ಒಂದು ಇದ್ದರೆ ಈ ಊಹೆಯೆಲ್ಲ ತಪ್ಪುತ್ತದೆ.

ಹೂರಣವಿಲ್ಲದೆ ಬೇಯಿಸುವಾಗ ತಳ ಉಬ್ಬದಂತೆ ಒಳಗೆ ಭಾರ ಇಡಬೇಕು. ಅದಕ್ಕೆ ಒಣ ಕಾಳು ಸಾಕು. ಇಷ್ಟು ಪುಟ್ಟ ಅಚ್ಚಿಗೆ ಬಟರ್ ಪೇಪರ್ ಕತ್ತರಿಸಿ ಕೂರಿಸುವುದು ಬೇಜಾರಿನ ಕೆಲಸ. ಕಪ್‌ಕೇಕ್‌ಗೆ ಬಳಸುವ ಕಾಗದದ ಕಪ್ ಇದ್ದರೆ ಅದನ್ನೇ ಒಳಗಿಟ್ಟು ಕಾಳು ತುಂಬಿ, ಸರಿಯಾಗಿ ಕೂರುತ್ತದೆ. ಕಾಳು ಅಂಚಿನ ತನಕ ಬರಲಿ. ತಳದಲ್ಲಿ ಮಾತ್ರ ಇದ್ದರೆ ಗೋಡೆ ಕುಸಿಯುತ್ತದೆ. ಹೀಗೆ ಬಳಸಿದ ಕಾಳನ್ನು ಆಮೇಲೆ ಬೇಯಿಸಿ ತಿನ್ನಲು ಬರುವುದಿಲ್ಲ. ಒಂದು ಡಬ್ಬಕ್ಕೆ ಹಾಕಿ, ಮುಂದಿನ ಸಲಕ್ಕೆ ಇಟ್ಟುಕೊಳ್ಳಿ. ನನ್ನ ಡಬ್ಬದ ಕಾಳು ವರ್ಷಗಳಿಂದ ಇದೇ ಕೆಲಸ ಮಾಡುತ್ತಿದೆ.

ಫ್ರೀಜರ್‌ನಿಂದ ನೇರವಾಗಿ ಓವನ್‌ಗೆ. 15 ನಿಮಿಷ ಆದ ಮೇಲೆ ಒಂದು ಬಟ್ಟಲಿನ ಕಾಗದ ಮೆಲ್ಲಗೆ ಎತ್ತಿ ನೋಡಿ. ಕಾಗದ ಹಿಟ್ಟಿಗೆ ಅಂಟದೆ ಬಿಟ್ಟುಕೊಂಡರೆ ಎಲ್ಲದರ ಕಾಳನ್ನೂ ತೆಗೆಯಬಹುದು. ಅಂಟಿದರೆ ಇನ್ನೆರಡು ನಿಮಿಷ. ಕಾಳು ತೆಗೆದು ಮತ್ತೆ ಆರರಿಂದ ಎಂಟು ನಿಮಿಷ ಬೇಯಿಸಿ. ತಳದ ಒದ್ದೆ ಹೊಳಪು ಹೋಗಿ, ಎಲ್ಲ ಕಡೆ ಹೊಂಬಣ್ಣ ಬರಬೇಕು. ಬಿಳಿಚಿಕೊಂಡಿರುವಾಗಲೇ ತೆಗೆದರೆ ಹೂರಣ ತುಂಬಿದ ಒಂದು ಗಂಟೆಗೆ ಮೆತ್ತಗಾಗುತ್ತದೆ. ಸ್ವಲ್ಪ ಜಾಸ್ತಿ ಬಣ್ಣ ಬಂದರೂ ಪರವಾಗಿಲ್ಲ, ಕಡಿಮೆ ಬೇಡ. ಈ ಬಟ್ಟಲು ಇನ್ನೊಮ್ಮೆ ಬೇಯುವುದಿಲ್ಲ, ಆಗಬೇಕಾದದ್ದೆಲ್ಲ ಈಗಲೇ ಆಗಬೇಕು.

ಹಿಟ್ಟಿಗೆ ಹಳದಿ ಹಾಕಿದಾಗ ಬಿಳಿ ಭಾಗ ಉಳಿದಿತ್ತಲ್ಲ, ಅದನ್ನು ಸ್ವಲ್ಪ ಕಲಕಿ ಬಿಸಿ ಬಟ್ಟಲಿನ ಒಳಮೈಗೆ ಬ್ರಷ್‌ನಿಂದ ತೆಳುವಾಗಿ ಸವರಿ, ಎರಡು ನಿಮಿಷ ಓವನ್‌ಗೆ ವಾಪಸ್ಸು ಇಡಿ. ಬಿಳಿ ಬೆಂದು ತೆಳು ಪೊರೆಯಾಗುತ್ತದೆ. ಚುಚ್ಚಿದ ತೂತುಗಳೂ ಮುಚ್ಚಿಕೊಳ್ಳುತ್ತವೆ. ಹೂರಣದ ನೀರು ಹಿಟ್ಟಿಗೆ ಇಳಿಯುವುದನ್ನು ಇದು ತುಂಬಾ ಹೊತ್ತು ತಡೆಯುತ್ತದೆ. ಬಟ್ಟಲು ಪೂರ್ತಿ ಆರಿದ ಮೇಲೆ ಅಚ್ಚಿನಿಂದ ಬಿಡಿಸಿ. ಬಿಸಿಯಲ್ಲಿ ಮುಟ್ಟಿದರೆ ಮುರಿಯುತ್ತದೆ.

ಹೂರಣ: ಲೆಮನ್ ಕರ್ಡ್

ಹೆಸರಿನಲ್ಲಿ ಕರ್ಡ್ ಇದ್ದರೂ ಇದಕ್ಕೂ ಮೊಸರಿಗೂ ಏನೂ ಸಂಬಂಧವಿಲ್ಲ. ಹಾಲು ಒಂದು ಹನಿಯೂ ಇಲ್ಲ. ನಿಂಬೆ ರಸ ಮತ್ತು ಸಕ್ಕರೆಯನ್ನು ಮೊಟ್ಟೆಯಿಂದ ಗಟ್ಟಿ ಮಾಡಿ, ಬೆಣ್ಣೆಯಿಂದ ನುಣುಪು ಮಾಡಿದ್ದು ಇದು. ಇಂಗ್ಲೆಂಡಿನಲ್ಲಿ ಇದಕ್ಕೆ ಲೆಮನ್ ಚೀಸ್ ಎನ್ನುವ ಹೆಸರೂ ಇತ್ತು.

ಶುರು ಮಾಡುವುದು ಸಿಪ್ಪೆಯಿಂದ. ಹಣ್ಣಿನ ಮೇಲೆ ಮೇಣ ಸವರಿರಬಹುದು, ಬೆಚ್ಚನೆ ನೀರಿನಲ್ಲಿ ಉಜ್ಜಿ ತೊಳೆದು ಒರೆಸಿ. ಹಣ್ಣು ಇಡಿಯಾಗಿರುವಾಗಲೇ ಸಣ್ಣ ಹಲ್ಲಿನ ತುರಿಮಣೆಯಲ್ಲಿ ಸಿಪ್ಪೆ ತುರಿಯಿರಿ. ಕತ್ತರಿಸಿ ಹಿಂಡಿದ ಹೋಳನ್ನು ತುರಿಯಲು ಹೋದರೆ ಬೆರಳು ತುರಿಯುತ್ತದೆ. ಮೇಲಿನ ಬಣ್ಣದ ಪದರ ಮಾತ್ರ ಬರಬೇಕು. ಬಿಳಿ ಕಂಡ ತಕ್ಷಣ ಹಣ್ಣು ತಿರುಗಿಸಿ, ಆ ಬಿಳಿ ಪದರ ಕಹಿ.

ಈ ತುರಿಯನ್ನು 150 ಗ್ರಾಂ ಸಕ್ಕರೆಯ ಜೊತೆ ಪಾತ್ರೆಗೆ ಹಾಕಿ ಬೆರಳಲ್ಲಿ ತಿಕ್ಕಿ. ಒಂದೆರಡು ನಿಮಿಷ ತಿಕ್ಕುತ್ತಾ ಇರಿ. ಸಕ್ಕರೆ ಕಾಳಿನ ಚೂಪು ಅಂಚುಗಳು ಸಿಪ್ಪೆಯ ಎಣ್ಣೆ ಚೀಲಗಳನ್ನು ಒಡೆಯುತ್ತವೆ. ಬಿಳಿ ಸಕ್ಕರೆ ನಿಧಾನವಾಗಿ ತಿಳಿ ಹಳದಿಗೆ ತಿರುಗುತ್ತದೆ, ಬೆರಳಿಗೆ ಒದ್ದೆ ಒದ್ದೆ ಅನ್ನಿಸುತ್ತದೆ. ಅದು ನೀರಲ್ಲ, ಎಣ್ಣೆ. ಆಗ ಮೂಗಿಗೆ ಬರುವ ವಾಸನೆ ಅಡುಗೆಮನೆ ದಾಟಿ ಮುಂದಿನ ಕೋಣೆಗೂ ಹೋಗುತ್ತದೆ. ನಿಂಬೆಯ ರಸ ಕೊಡುವುದು ಹುಳಿ ಮಾತ್ರ. ನಿಂಬೆಯ ಘಮ ಇರುವುದು ಸಿಪ್ಪೆಯಲ್ಲಿ. ಇಡೀ ಕೆಲಸದಲ್ಲಿ ನನಗೆ ತುಂಬಾ ಇಷ್ಟವಾದ ಎರಡು ನಿಮಿಷ ಇವು.

ಈಗ ಹಣ್ಣನ್ನು ಅಂಗೈಯಡಿ ಒತ್ತಿ ಉರುಳಿಸಿ, ಕತ್ತರಿಸಿ ಹಿಂಡಿ, ರಸ ಸೋಸಿ ಅಳೆಯಿರಿ. ಫ್ರಿಜ್‌ನ ತಣ್ಣನೆಯ ಹಣ್ಣು ರಸ ಕಡಿಮೆ ಕೊಡುತ್ತದೆ, ಮೊದಲೇ ಹೊರಗೆ ತೆಗೆದಿಡಿ.

ಮೂರು ಮೊಟ್ಟೆ, ಎರಡು ಹಳದಿ, ಉಪ್ಪನ್ನು ಸ್ಟೀಲ್ ಪಾತ್ರೆಯಲ್ಲಿ ವಿಸ್ಕ್‌ನಿಂದ ಚೆನ್ನಾಗಿ ಕಲಕಿ. ಬಿಳಿಯ ಗಟ್ಟಿ ಎಳೆ ಉಳಿಯಬಾರದು. ಸಕ್ಕರೆ ಸುರಿದ ಕೂಡಲೇ ಕಲಕಲು ಶುರು ಮಾಡಿ. ಹಳದಿಯ ಮೇಲೆ ಸಕ್ಕರೆ ಸುಮ್ನೆ ಬಿದ್ದಿದ್ದರೆ ಅದರ ನೀರನ್ನು ಹೀರಿ ಅಲ್ಲಲ್ಲಿ ಗಟ್ಟಿ ಗಂಟು ಮಾಡುತ್ತದೆ, ಆಮೇಲೆ ಕರಗುವುದಿಲ್ಲ. ಕೊನೆಗೆ ನಿಂಬೆ ರಸ ಸೇರಿಸಿ ಕಲಕಿ.

ಪಾತ್ರೆಯನ್ನು ಒಲೆಯ ಮೇಲಿಡಿ. ಸಣ್ಣ ಉರಿ. ಸಿಲಿಕೋನ್ ಸೌಟಿನಿಂದ ತಳ, ಮೂಲೆ ಎಲ್ಲ ಸವರುತ್ತಾ ಕೈಬಿಡದೆ ತಿರುಗಿಸಿ. ಮೊದಲ ಸಲ ಮಾಡುವವರು, ಉರಿ ಮೇಲೆ ನಂಬಿಕೆ ಇಲ್ಲದವರು, ಕುದಿಯುವ ನೀರಿನ ಪಾತ್ರೆಯ ಮೇಲೆ ಗಾಜಿನ ಅಥವಾ ಸ್ಟೀಲಿನ ಬೋಗುಣಿ ಇಟ್ಟು ಆ ಹಬೆಯಲ್ಲಿ ಕಾಯಿಸಿ. ಬೋಗುಣಿಯ ತಳ ನೀರಿಗೆ ತಾಕಬಾರದು. ಹಬೆಯಲ್ಲಿ 10ರಿಂದ 15 ನಿಮಿಷ ಹಿಡಿಯುತ್ತದೆ, ನೇರ ಉರಿಯಲ್ಲಿ ಏಳೆಂಟು ನಿಮಿಷ.

ಮುಂದಿನದ್ದನ್ನು ಸ್ವಲ್ಪ ಹತ್ತಿರದಿಂದ ನೋಡಿ. ಮೊದಲ ಐದು ನಿಮಿಷ ಏನೂ ಆಗುವುದಿಲ್ಲ. ಪಾತ್ರೆಯಲ್ಲಿ ತೆಳ್ಳನೆ ಹಳದಿ ನೀರು, ಮೇಲೆ ಬಿಳಿ ನೊರೆ. ಉರಿ ಹೆಚ್ಚಿಸೋಣ ಅಂತ ಕೈ ಹೋಗುತ್ತದೆ. ಬೇಡ. ನೋಡುತ್ತಿದ್ದ ಹಾಗೆ ನೊರೆಯ ದೊಡ್ಡ ಗುಳ್ಳೆಗಳು ಒಡೆದು ಸಣ್ಣವಾಗುತ್ತವೆ, ಆಮೇಲೆ ನೊರೆಯೇ ಕಾಣೆಯಾಗುತ್ತದೆ. ಹಬೆ ಏಳತೊಡಗುತ್ತದೆ. ಸೌಟು ಇಷ್ಟು ಹೊತ್ತು ಸಲೀಸಾಗಿ ಓಡುತ್ತಿದ್ದದ್ದು ಈಗ ಕೈಗೆ ಭಾರ ಅನ್ನಿಸುತ್ತದೆ. ಸೌಟು ಹೋದ ದಾರಿಯಲ್ಲಿ ಒಂದು ಕ್ಷಣ ತಳ ಕಾಣುತ್ತದೆ, ಮತ್ತೆ ಮುಚ್ಚಿಕೊಳ್ಳುತ್ತದೆ. ಇಲ್ಲಿಂದ ಮುಂದೆ ಎಲ್ಲವೂ ಬೇಗ ಬೇಗ ಆಗುತ್ತದೆ, ಕಣ್ಣು ಅಲ್ಲೇ ಇರಲಿ. ಸೌಟನ್ನು ಎತ್ತಿ ಅದರ ಬೆನ್ನ ಮೇಲೆ ಬೆರಳಿನಿಂದ ಒಂದು ಗೆರೆ ಎಳೆಯಿರಿ. ಗೆರೆಯ ಎರಡೂ ಕಡೆಯಿಂದ ಹೂರಣ ಹರಿದು ಬಂದು ಸೇರಿದರೆ ಇನ್ನೂ ಆಗಿಲ್ಲ. ಗೆರೆ ಹಾಗೇ ನಿಂತರೆ ಆಯಿತು. ತಕ್ಷಣ ಇಳಿಸಿ.

ಥರ್ಮಾಮೀಟರ್ ಇದ್ದವರಿಗೆ 77ರಿಂದ 78 ಡಿಗ್ರಿ. 70 ದಾಟಿದ ಮೇಲೆ ಮೊಟ್ಟೆ ಹೂರಣವನ್ನು ಹಿಡಿಯಲು ಶುರು ಮಾಡುತ್ತದೆ. 82 ದಾಟಿದರೆ ಒಡೆದು ಚೂರಾಗುವ ಅಪಾಯ. ಕುದಿಯಲಂತೂ ಬಿಡಲೇಬಾರದು. ಒಲೆ ಆರಿಸಿದ ಮೇಲೂ ಪಾತ್ರೆಯ ಬಿಸಿ ಕೆಲಸ ಮಾಡುತ್ತಲೇ ಇರುತ್ತದೆ, ಅದಕ್ಕೇ ಕೂಡಲೇ ಜರಡಿಯಲ್ಲಿ ಸೋಸಿ ಬೇರೆ ಪಾತ್ರೆಗೆ ಹಾಕಬೇಕು. ಜರಡಿಯಲ್ಲಿ ಸಿಪ್ಪೆಯ ತುರಿ, ಬಿಳಿಯ ಒಂದೆರಡು ಎಳೆ ಉಳಿಯುತ್ತವೆ. ತುರಿ ತನ್ನ ಘಮವನ್ನೆಲ್ಲ ಆಗಲೇ ಕೊಟ್ಟಾಗಿದೆ.

ಅಲ್ಲಲ್ಲಿ ಬೆಂದ ಚೂರು ಕಂಡರೆ ಎಸೆಯಬೇಡಿ. ಸೋಸಿದರೆ ಬಹುಪಾಲು ಸರಿಹೋಗುತ್ತದೆ. ತೀರಾ ಜಾಸ್ತಿ ಇದ್ದರೆ ಹ್ಯಾಂಡ್ ಬ್ಲೆಂಡರ್‌ನಲ್ಲಿ ಅರ್ಧ ನಿಮಿಷ ತಿರುಗಿಸಿ ಮತ್ತೆ ಸೋಸಿ. ಮೊಟ್ಟೆಯ ವಾಸನೆ ಬರುವಷ್ಟು ಬೆಂದಿದ್ದರೆ ಮಾತ್ರ ಬೇರೆ ದಾರಿ ಇಲ್ಲ, ಹೊಸದಾಗಿ ಮಾಡಬೇಕು.

ಹತ್ತು ನಿಮಿಷ ಆರಲು ಬಿಡಿ. ಪಾತ್ರೆ ಹೊರಗಿನಿಂದ ಮುಟ್ಟಿದರೆ ಸುಡಬಾರದು, ಚೆನ್ನಾಗಿ ಬೆಚ್ಚಗಿರಬೇಕು. ಸುಮಾರು 50, 55 ಡಿಗ್ರಿ. ಆಗ ಬೆಣ್ಣೆ ತುಂಡುಗಳನ್ನು ಎರಡೆರಡಾಗಿ ಹಾಕುತ್ತಾ ಕಲಕಿ. ಒಂದು ಜೊತೆ ಪೂರ್ತಿ ಬೆರೆತ ಮೇಲೆ ಇನ್ನೊಂದು. ತೀರಾ ಬಿಸಿಯಲ್ಲಿ ಹಾಕಿದರೆ ಬೆಣ್ಣೆ ಕರಗಿ ಎಣ್ಣೆಯಾಗಿ ತೇಲಬಹುದು. ಸರಿಯಾದ ಬಿಸಿಯಲ್ಲಿ ಬೆರೆತರೆ ಹೂರಣದ ಬಣ್ಣ ಸ್ವಲ್ಪ ತಿಳಿಯಾಗಿ, ಮೇಲ್ಮೈ ಕನ್ನಡಿಯ ಹಾಗೆ ಹೊಳೆಯುತ್ತದೆ.

ಈಗ ರುಚಿ ನೋಡಿ. ಹುಳಿ ಸ್ವಲ್ಪ ಮುಂದಿದ್ದರೆ ಒಳ್ಳೆಯದು. ಬಟ್ಟಲಿನ ಸಿಹಿ ಸೇರಿದಾಗ ಸಮ ಆಗುತ್ತದೆ, ತಣ್ಣಗಾದ ಮೇಲೆ ಹುಳಿ ಇನ್ನಷ್ಟು ತಗ್ಗಿದಂತೆ ಅನ್ನಿಸುತ್ತದೆ.

ತುಂಬುವುದು, ಇಡುವುದು

ಹೂರಣ ಉಗುರುಬೆಚ್ಚಗೆ, ಸುರಿಯುವ ಹದದಲ್ಲಿ ಇರುವಾಗಲೇ ಬಟ್ಟಲಿನ ಅಂಚಿನ ತನಕ ತುಂಬಿ. ತೆಳ್ಳಗಿದೆಯಲ್ಲ ಅಂತ ಹೆದರಬೇಡಿ. ಮೊಟ್ಟೆ ಅರ್ಧ ಗಟ್ಟಿ ಮಾಡಿದೆ, ಉಳಿದರ್ಧವನ್ನು ಬೆಣ್ಣೆ ತಣ್ಣಗಾಗುವಾಗ ಮಾಡುತ್ತದೆ. ಕಟ್ಟೆಗೆ ಮೆಲ್ಲಗೆ ತಟ್ಟಿದರೆ ಮೇಲೆ ಸಮನಾಗುತ್ತದೆ, ಗುಳ್ಳೆ ಇದ್ದರೆ ಒಡೆಯುತ್ತದೆ. ಫ್ರಿಜ್‌ನಲ್ಲಿ ಎರಡು ಗಂಟೆ ಇಡಿ. ತಿನ್ನುವ 15 ನಿಮಿಷ ಮೊದಲು ಹೊರಗೆ ತೆಗೆಯಿರಿ, ತೀರಾ ತಣ್ಣಗಿದ್ದರೆ ಘಮ ಗೊತ್ತಾಗುವುದಿಲ್ಲ.

ಎರಡು ಗಂಟೆ ಆದರೂ ಹೂರಣ ಹರಿಯುತ್ತಿದ್ದರೆ ಅದು ಒಲೆಯ ಮೇಲೆ ಪೂರ್ತಿ ಕಾದಿರಲಿಲ್ಲ ಅಂತ ಅರ್ಥ. ಚಮಚದಿಂದ ತೆಗೆದು ಪಾತ್ರೆಗೆ ಹಾಕಿ ಮತ್ತೆ ಸಣ್ಣ ಉರಿಯಲ್ಲಿ ಆ ಗೆರೆ ನಿಲ್ಲುವ ತನಕ ಕಾಯಿಸಿ. ಬಟ್ಟಲು ಸ್ವಲ್ಪ ಅಂದ ಕಳೆದುಕೊಳ್ಳಬಹುದು, ತಿನ್ನಲು ಏನೂ ಅಡ್ಡಿಯಿಲ್ಲ.

ತುಂಬಿದ ಟಾರ್ಟ್ ಅದೇ ದಿನ ತಿಂದರೆ ರುಚಿ. ಎರಡನೇ ದಿನಕ್ಕೂ ನಡೆಯುತ್ತದೆ, ಆಮೇಲೆ ಬಟ್ಟಲು ಮೆತ್ತಗಾಗುತ್ತದೆ. ಹಾಗಾಗಿ ಮುಂಚೆಯೇ ಮಾಡಿಡಬೇಕಾದರೆ ಎರಡನ್ನೂ ಬೇರೆ ಬೇರೆ ಇಡಿ. ಬೆಂದ ಬರೀ ಬಟ್ಟಲು ಗಾಳಿಯಾಡದ ಡಬ್ಬದಲ್ಲಿ ಮೂರು ದಿನ ಇರುತ್ತದೆ. ಹೂರಣ ಮುಚ್ಚಿದ ಗಾಜಿನ ಬಾಟಲಿಯಲ್ಲಿ, ಫ್ರಿಜ್‌ನಲ್ಲಿ, ಒಂದು ವಾರ. ಬೇಯಿಸದ ಬಟ್ಟಲುಗಳನ್ನು ಅಚ್ಚಿನ ಸಮೇತ ಫ್ರೀಜರ್‌ನಲ್ಲಿ ತಿಂಗಳವರೆಗೂ ಇಡಬಹುದು, ಬೇಕಾದಾಗ ನೇರ ಓವನ್‌ಗೆ.

ಉಳಿದ ಎರಡು ಬಿಳಿ ಭಾಗವನ್ನು ಡಬ್ಬಕ್ಕೆ ಹಾಕಿ ಫ್ರೀಜರ್‌ನಲ್ಲಿಟ್ಟರೆ ಹಾಳಾಗುವುದಿಲ್ಲ.

ಕಿತ್ತಳೆ ಬೇಕೆಂದರೆ

ಕಿತ್ತಳೆ ರಸವನ್ನು ನಿಂಬೆಯ ಜಾಗಕ್ಕೆ ಹಾಗೇ ಹಾಕಿದರೆ ಹೂರಣ ಸಪ್ಪೆ. ಅದರಲ್ಲಿ ಹುಳಿ ಕಡಿಮೆ, ನೀರು ಜಾಸ್ತಿ. 200 ಮಿಲಿಲೀಟರ್ ಕಿತ್ತಳೆ ರಸವನ್ನು ಮೊದಲು ಬೇರೆಯಾಗಿ ಕುದಿಸಿ 80ಕ್ಕೆ ಇಳಿಸಿ, ಆರಿಸಿ, ಅದಕ್ಕೆ 40 ಮಿಲಿಲೀಟರ್ ನಿಂಬೆ ರಸ ಸೇರಿಸಿ. ಸಕ್ಕರೆ 120 ಗ್ರಾಂ ಸಾಕು. ಸಿಪ್ಪೆಯ ತುರಿ ಕಿತ್ತಳೆಯದ್ದು. ಉಳಿದ ಕ್ರಮವೆಲ್ಲ ಅದೇ.

ಮೊಟ್ಟೆ ಇಲ್ಲದೆ

ಮೊಟ್ಟೆ ತಿನ್ನದವರಿಗೂ ಈ ಟಾರ್ಟ್ ಚೆನ್ನಾಗಿಯೇ ಆಗುತ್ತದೆ. ಆದರೆ ಅದರ ದಾರಿ ಬೇರೆ. ಹಿಟ್ಟಿಗೆ ಹಳದಿಯ ಬದಲು ತಣ್ಣನೆಯ ಹಾಲು ಎರಡು ದೊಡ್ಡ ಚಮಚ ಹಾಕಿ, ನೀರು ಬೇಕೆನಿಸಿದರೆ ಮಾತ್ರ. ಹೂರಣಕ್ಕೆ 40 ಗ್ರಾಂ ಕಾರ್ನ್‌ಫ್ಲೋರ್, 150 ಗ್ರಾಂ ಸಕ್ಕರೆ, 250 ಮಿಲಿಲೀಟರ್ ನೀರು, ಸಿಪ್ಪೆಯ ತುರಿ. ಇವನ್ನು ತಣ್ಣಗಿರುವಾಗಲೇ ಗಂಟಿಲ್ಲದಂತೆ ಕಲಕಿ, ತಿರುಗಿಸುತ್ತಾ ಕುದಿಸಿ. ಇಲ್ಲಿ ಕುದಿಯಲೇಬೇಕು. ಗಟ್ಟಿಯಾಗಿ ಗುಳ್ಳೆ ಬಂದ ಮೇಲೂ ಒಂದು ನಿಮಿಷ ಬೇಯಿಸಿ, ಇಲ್ಲದಿದ್ದರೆ ಹಸಿ ಹಿಟ್ಟಿನ ರುಚಿ ಉಳಿಯುತ್ತದೆ. ಒಲೆ ಆರಿಸಿ 60 ಗ್ರಾಂ ಬೆಣ್ಣೆ, ಆಮೇಲೆ 100 ಮಿಲಿಲೀಟರ್ ನಿಂಬೆ ರಸ ಸೇರಿಸಿ.

ನಿಂಬೆ ರಸ ಕೊನೆಗೇ ಹಾಕಬೇಕು. ಮೊದಲೇ ಹಾಕಿ ಕುದಿಸಿದರೆ ಹುಳಿಯು ಪಿಷ್ಟದ ಎಳೆಗಳನ್ನು ಕಡಿದು ಹಾಕುತ್ತದೆ, ಗಟ್ಟಿಯಾದ ಹೂರಣ ಕಣ್ಣೆದುರೇ ಮತ್ತೆ ನೀರಾಗುತ್ತದೆ. ಬಣ್ಣ ಬೇಕಿದ್ದರೆ ಅರಿಶಿನ ಸೂಜಿಮೊನೆಯಷ್ಟು ಸಾಕು, ಜಾಸ್ತಿಯಾದರೆ ಅದರ ರುಚಿಯೇ ಮುಂದೆ ಬರುತ್ತದೆ. ಬಟ್ಟಲಿನ ಒಳಮೈಗೆ ಬಿಳಿಯ ಬದಲು ಕರಗಿಸಿದ ವೈಟ್ ಚಾಕೊಲೇಟ್ ತೆಳುವಾಗಿ ಸವರಿ ಆರಲು ಬಿಡಿ. ಆಮೇಲೆ ಹೂರಣ ಉಗುರುಬೆಚ್ಚಗಾದ ಮೇಲಷ್ಟೇ ತುಂಬಿ, ಬಿಸಿಯಾಗಿ ಸುರಿದರೆ ಚಾಕೊಲೇಟ್ ಕರಗಿ ಮೇಲೆ ಬರುತ್ತದೆ.